ಜೂಲಿಗೆ ಕುದಿಸಿದ ತತ್ತಿ

ಮಸ್ಕಿಯ ಪೀರಮ್ಮನ ಮನಿಯಾಗ ಆ ತಿಂಗಳು ಇಬ್ರು ಬಾಣಂತೇರು. ಒಬ್ಬಾಕಿ ಒಳಕೋಣ್ಯಾಗ ಹೊರಸಿನ ಮ್ಯಾಲೆ, ಪೀರಮ್ಮನ ಮಗಳು ಪಂಪಾವತಿ. ಇನ್ನೊಬ್ಬಾಕಿ ಹಿತ್ತಲದ ತಗಡಿನ ಶೆಡ್ಡಿನ್ಯಾಗ ಗೋಣಿಚೀಲದ ಮ್ಯಾಲೆ, ಪೀರಮ್ಮನ ಮಗ ನಿಂಗರಾಜ ಸಾಕಿದ ನಾಯಿ ಜೂಲಿ. ಮಗಳಿಗೆ ಒಂದು ಹೆಣ್ಣುಕೂಸು, ನಾಯಿಗೆ ಆರು ಮರಿ. ಇಬ್ಬರ ಬಾಣಂತನಾನೂ ನಾನ ಮಾಡ್ತೀನಿ, ಯಾರೂ ನಡುವ ಬಾಯಿ ಹಾಕಬ್ಯಾಡ್ರಿ ಅಂತ ಪೀರಮ್ಮ ಸೆರಗು ನಡಕ್ಕ ಸಿಗಿಸಿ ನಿಂತಳು. ಅಲ್ಲಿಂದ ಶುರುವಾತು ನೋಡ್ರಿ ರಂಪಾಟ.

ಪಂಪಾವತಿ ಏನು ತಿಳಿಗೇಡಿ ಹೆಣ್ಣಲ್ಲ. ಗುರುಗುಂಟಾ ಕಡೆ ಹಳ್ಳಿಗೋಳಾಗ ಆಕಿ ನರ್ಸಬಾಯಿ. ಗಂಡ ಭೀಮೇಶ ಲಿಂಗಸುಗೂರಿನ್ಯಾಗ ಹೈಸ್ಕೂಲ್ ಮಾಸ್ತರ. ಎಷ್ಟ ಮನಿ ಹೊಸ್ತಿಲ ಮ್ಯಾಲೆ ಕುಂತು, ಎಷ್ಟ ಅತ್ತೆಂದಿರ ಕೂಡ ಜಗಳಾ ತಗದು, "ಬಾಣಂತಿ ಬಾಯಿ ಕಟ್ಟಬ್ಯಾಡ್ರಿ, ಹೊಟ್ಟಿ ತುಂಬ ಹಾಕ್ರಿ, ನೀರು ಕುಡಸ್ರಿ, ಇಲ್ಲಾಂದ್ರ ಕೂಸಿಗೆ ಹಾಲು ಎಲ್ಲಿಂದ ಬರಬೇಕು?" ಅಂತ ಗಂಟಲು ಹರಕೊಂಡಾಕಿ. ಅಂಥಾಕಿ ಚೊಚ್ಚಲ ಹೆರಿಗಿಗೆ ತವರಿಗೆ ಬಂದು ಹೊರಸು ಹತ್ತಿದ್ದ ತಡ, ಆಕಿ ಮಾತಿಗೆ ಕವಡಿ ಕಿಮ್ಮತ್ತು ಇಲ್ದಂಗ ಆತು.

"ಸೂಜಿ ಚುಚ್ಚೋದು ನಿನ್ನ ನೌಕರಿ. ಬಾಣಂತನ ನನ್ನ ಮನಿ ಕೆಲಸ. ಬಾಯಿ ಮುಚ್ಕೊಂಡು ಮಕ್ಕೊ" ಅಂದ್ಲು ಪೀರಮ್ಮ.

ಮಕ್ಕೊಂಡ್ಲು. ಏನ್ ಮಾಡ್ತಾಳ? ತಲಿಗೆ ಬಿಗಿಯಾಗಿ ಅರಿವಿ ಕಟ್ಟಿ, ಕಿವ್ಯಾಗ ಹತ್ತಿ ತುರುಕಿ, ಹೊರಸಿನ ಕೆಳಗ ಕೆಂಡದ ಅಗ್ಗಿಷ್ಟಿಗಿ ಇಟ್ಟು, ಕಿಡಕಿ ಬಂದ್ ಮಾಡಿ ಬಿಟ್ಲು ಪೀರಮ್ಮ. ಹೊರಗ ಮಸ್ಕಿ ಗುಡ್ಡದ ಕಲ್ಲು ಸುಡಾಕತ್ತಿದ್ವು, ಒಳಗ ಬಾಣಂತಿ ಬೇಯಾಕತ್ತಿದ್ಲು. ಹೊತ್ತಿಗೆ ಒಂದು ಕಟಕ ರೊಟ್ಟಿ, ಮ್ಯಾಲೆ ಮೆಣಸಿನಕಾಳು ಬಳ್ಳೊಳ್ಳಿ ಕುಟ್ಟಿದ ಪುಡಿ, ಬೆರಳಿಗೆ ಹತ್ತೋವಷ್ಟು ತುಪ್ಪ. ಕಾಯಿಪಲ್ಯ ಕೊಟ್ರ ವಾಯಿ, ಬ್ಯಾಳಿ ಕೊಟ್ರ ಕೂಸಿಗೆ ಹೊಟ್ಟಿನೋವು, ಹಣ್ಣು ಕೊಟ್ರ ಶೀತ, ತತ್ತಿ ಕೊಟ್ರ ನಂಜು. ನೀರಂತೂ ಕೇಳಂಗೇ ಇಲ್ಲ. ಮುಂಜಾನೆ ಒಂದು ಸಣ್ಣ ತಂಬಿಗಿ ಕಾಸಿದ ನೀರು ತಲಿದಿಂಬಿನ ಬಾಜೂಕ ಇಡಾಕಿ. ಸಂಜೀತನಕ ಅದರಾಗ ಸುಧಾರಿಸಬೇಕು. ಇನ್ನೊಂದಿಷ್ಟು ಕೊಡಬೇ ಅಂದ್ರ, "ನೀರು ಕುಡದ್ರ ಸನ್ನಿ ಏರ್ತೈತಿ" ಅನ್ನಾಕಿ.

ಸನ್ನಿ ಅನ್ನೋ ಮಾತು ಬಂದ್ರ ಪಂಪಾವತಿ ಸುಮ್ನಾಗತಿದ್ಲು. ಆ ಮನಿಯಾಗ ಅದೊಂದು ಹಳೇ ಗಾಯ. ಪೀರಮ್ಮನ ಅಕ್ಕ ಯಮನಮ್ಮ ಅಂತ ಒಬ್ಬಾಕಿ ಇದ್ಲು. ಹಡದು ಮಲಗಿದಾಕಿ ನೀರಡಿಕಿ ತಡೀಲಾರದ "ಒಂದ ಚಂಬು ನೀರು ತಂದ ಕೊಡ ತಂಗೀ" ಅಂತ ಬೇಡಿಕೊಂಡ್ಲಂತ. ಲಂಗಾ ಹಾಕ್ಕೊಂಡು ಆಡೋ ಹುಡುಗಿ ಪೀರಮ್ಮ ಹರವಿಯಿಂದ ಮೊಗದು ಕೊಟ್ಟಳಂತ. ಮರುದಿನ ಜ್ವರ, ಬಡಬಡಿಕಿ, ಅಷ್ಟ. ಎರಡು ದಿನದಾಗ ಯಮನಮ್ಮ ಹೋಗಿಬಿಟ್ಲು. ಊರ ಮಂದಿ ತಪ್ಪೆಲ್ಲಾ ನೀರಿನ ಮ್ಯಾಲೆ ಹಾಕಿದ್ರು. ನೀರಲ್ಲಬೇ, ಹೊಕ್ಕಳಾ ಕೊಯ್ದ ಕುಡಗೋಲಿನ ಹೊಲಸು, ಮುಟ್ಟಿದ ಕೈ ಹೊಲಸು ಅಂತ ಪಂಪಾವತಿ ನರ್ಸಬಾಯಿ ಆದಾಗಿಂದ ಹೇಳಾಕತ್ತ್ಯಾಳ. "ನೀ ಅಲ್ಲಿದ್ದೇನು? ನಾ ಇದ್ನಿ" ಅಂತಾಳ ಪೀರಮ್ಮ. ಮುಗೀತು ಮಾತು. ಈ ಸಲ ಅಂತೂ ಆಣಿನ ಹಾಕಿಬಿಟ್ಟಿದ್ಲು. "ನಾ ಕೊಟ್ಟಿದ್ದು ಬಿಟ್ಟು ಒಂದ ಹನಿ ನೀರು ಮುಟ್ಟಿದಿ ಅಂದ್ರ ನನ್ನ ಸತ್ತ ಮಾರಿ ನೋಡ್ತಿ."

ಇತ್ತ ಕೂಸು ಮೊಲಿಗೆ ಬಾಯಿ ಹಚ್ಚತಿತ್ತು, ಎಳದು ಎಳದು ಸೋತು, ಕೆಂಪಗಾಗಿ ಚೀರತಿತ್ತು. ಒದ್ದಿ ಆಗೋ ಅರಿವಿ ದಿನಾ ಕಡಿಮಿ ಆಗಾಕತ್ತಿದ್ವು. ಅದರ ಅರ್ಥ ಏನಂತ ಪಂಪಾವತಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬ್ಯಾರೆಯವರ ಕೂಸಾಗಿದ್ರ ಇಷ್ಟೊತ್ತಿಗೆ ಆಕಿ ಆ ಮನಿ ಗ್ವಾಡಿ ಅದುರೋವಂಗ ಬೈದಿರತಿದ್ಲು.

ಇನ್ನ ಜೂಲಿ ಸುದ್ದಿಗೆ ಬರೂಣು. ಪೀರಮ್ಮಗ ನಾಯಿ ಮ್ಯಾಲೆ ಜೀವ ಇಲ್ಲಂತಲ್ಲ. "ಅದೂ ಹೆಣ್ಣಜೀವ, ಹಡದಿದ್ದು ಹಡದಿದ್ದ" ಅಂತ ಜೂಲಿಗೂ ಅದೇ ಪಥ್ಯ ಹಚ್ಚಿಬಿಟ್ಲು ಪುಣ್ಯಾತಗಿತ್ತಿ! ಅದೇ ಕಟಕ ರೊಟ್ಟಿ, ಅದೇ ಮೆಣಸಿನ ಪುಡಿ. ನೀರಿನ ಬೋಗಾಣಿ ಎತ್ತಿ ಅಟ್ಟದ ಮ್ಯಾಲೆ ಇಟ್ಲು. ಶೆಡ್ಡಿನ ಬಾಗಲಿಗೆ ಬೇವಿನ ಟೊಂಗಿ ಬ್ಯಾರೆ ಸಿಗಿಸಿದ್ಲು. ಜೂಲಿ ರೊಟ್ಟಿ ಮೂಸಿತು, ಎರಡ ಸಲ ಸೀನಿತು, ಮಾರಿ ತಿರುವಿ ಮಕ್ಕೊಂಡ್ತು. ಮರುದಿನಕ್ಕ ಮರಿಗೋಳು ಕುಂಯ್ ಕುಂಯ್ ಅಂತ ಒಂದರ ಮ್ಯಾಲೊಂದು ಬಿದ್ದು ಒದ್ದಾಡಾಕ ಹತ್ತಿದ್ವು.

ನಿಂಗರಾಜ ಕರೆಂಟ್ ಆಫೀಸಿನ್ಯಾಗ ನೌಕರಿ ಮಾಡ್ತಾನ. ಅಪ್ಪ ಸತ್ತ ಮ್ಯಾಲೆ ಅಪ್ಪನ ಕೆಲಸ ಅವಗ ಬಂದಿತ್ತು. ಇನ್ನೂ ಮದುವಿ ಆಗಿಲ್ಲ, ಇದ್ದ ಬದ್ದ ಪ್ರೀತಿ ಎಲ್ಲಾ ಜೂಲಿಗೆ. ಡ್ಯೂಟಿ ಮುಗಿಸಿ ಬಂದು ಶೆಡ್ಡಿನ್ಯಾಗ ಹಣಿಕಿ ಹಾಕಿದ್ನೋ ಇಲ್ಲೋ, ಮನಿ ಹಾರಿ ಹೋಗೋವಂಗ ಒದರಿದ.

"ಏನಬೇ ಇದು? ನಾಯಿನ ಕೊಲ್ಲಾಕ ನಿಂತೀಯೇನು? ಆರು ಮರಿ ಕುಡಿಯೋ ತಾಯಿಗೆ ಯಾರರ ನೀರು ಬಂದ್ ಮಾಡ್ತಾರೇನು? ಅದು ತಿನ್ನಲಿಲ್ಲಾಂದ್ರ ಹಾಲು ಎಲ್ಲಿಂದ ಬರಬೇಕು?"

ಒಳಗ ಪಂಪಾವತಿ ಗಕ್ಕನ ಎದ್ದು ಕುಂತ್ಲು. ತನ್ನ ಮಾತ! ಹಳ್ಳಿ ಹಳ್ಳಿ ತಿರುಗಿ ತಾ ಹೇಳಿದ ಮಾತ, ಅಕ್ಷರ ಸೈತ ಬದಲಿಲ್ಲ. ಈಗ ಬಂತು ನೋಡು ಅವ್ವಗ ಬುದ್ಧಿ, ಮಗನ ಬಾಯಿಂದರ ಬಂತಲ್ಲ ಅಂದುಕೊಂಡ್ಲು. ಪೀರಮ್ಮ ಮಗನಿಗೆ ಒಂದ ಮಾತೂ ಎದುರಾಡ್ಲಿಲ್ಲ. "ಹೂನಪಾ, ಖರೇ ಐತಿ ನೀ ಅನ್ನೋದು. ಪಾಪ, ಮೂಕಪ್ರಾಣಿ" ಅಂತ ಬೋಗಾಣಿ ಇಳಿಸಿ ತುಂಬ ನೀರು ಹಾಕಿದ್ಲು. ಹಾಕಿ, ಕೈ ಒರಸ್ಕೊಂತ ಒಳಕೋಣಿಗೆ ಬಂದು, ಮಗಳನ್ನ ನೋಡಿ, "ಎದ್ದು ಕುಂತಿ ಯಾಕ? ನಡಾ ಹಿಡೀತೈತಿ, ಮಕ್ಕೊ" ಅಂದ್ಲು.

ಪಂಪಾವತಿಗೆ ಅಂಗಾಲಿಂದ ನೆತ್ತೀತನಕ ಉರದು ಹೋತು. "ಅಬೇ, ನಾಯಿಗೆ ಹೇಳಿದ್ದು ನನಗ ಹತ್ತಂಗಿಲ್ಲೇನು?" ಅಂದ್ಲು. "ನಾಯಿ ಕೂಡ ಹೋಲಿಸ್ಕೊಂತೀಯಲ್ಲ, ನಾಚಿಕಿ ಬರಂಗಿಲ್ಲ ನಿನಗ?" ಅಂತ ಪೀರಮ್ಮ ಅಗ್ಗಿಷ್ಟಿಗಿಗೆ ಇನ್ನೊಂದಿಷ್ಟು ಕೆಂಡ ಹಾಕಿ ಹೋದ್ಲು.

ಮರುದಿನದಿಂದ ನಿಂಗರಾಜನ ಸವಾರಿ ಶುರುವಾತು. ಹಡದ ನಾಯಿಗೆ ಛಲೋ ಊಟ ಹುಡುಕೋದು. ಮೊದಲಿಗೆ ಮಸ್ಕಿಯ ಒಂದು ಕಿರಾಣಿ ಅಂಗಡ್ಯಾಗ ಚೀಲ ಬಿಚ್ಚಿ ಇಟ್ಟ, ನಾಯಿ ತಿನ್ನೋ ಖುಲ್ಲಾ ಕಾಳು ತಂದ. ಪಡಸಾಲ್ಯಾಗ ಕುಂತು ಅಂಗೈ ಮ್ಯಾಲೆ ಹಾಕ್ಕೊಂಡು ಮೂಸಿದ. "ಥೂ, ಕಮಟು ಎಣ್ಣಿ ವಾಸನಿ. ಯಾವ ಕಾಲಕ್ಕ ಬಿಚ್ಚ್ಯಾರೋ ಏನೋ" ಅಂತ ಪುಡಕಿ ಸಮೇತ ಒಯ್ದು ಅಂಗಡಿಯವನ ಮಾರಿಗೆ ಹಿಡಿದು ಬಂದ. ಆಮ್ಯಾಲೆ ಲಿಂಗಸುಗೂರಿಗೆ ಹೋದ. ಅಲ್ಲಿ ಚೀಲ ಏನೋ ಗಟ್ಟಿ ಇತ್ತು, ತಾರೀಖು ಮುಗದಿತ್ತು. "ಮನುಷಾರಿಗೆ ಕೊಡ್ತಿದ್ದೇನು ಇದನ್ನ?" ಅಂತ ಅಲ್ಲೂ ಜಗಳಾ. ಮನಿಗೆ ಬಂದು ಅದನ್ನೆಲ್ಲ ಅವ್ವನ ಮುಂದ ಹೇಳಿದ. ಪೀರಮ್ಮ ಬಾಜೂಮನಿಯವರ ಮುಂದ ಹೇಳಿದ್ಲು, "ನಮ್ಮ ನಿಂಗು ಹೆಂಗದಾನ ನೋಡ್ರಿ, ಒಂದು ನಾಯಿಗೆ ಎಷ್ಟು ಜೀವ ಅಂತಾನ!"

ಕಡೀಕ ಸಿಂಧನೂರಿನ ಹಫೀಜ್‌ಗೆ ಫೋನು ಹಚ್ಚಿದ. ಹಫೀಜ್ ಅವನ ಗೆಳೆಯ, ನಾಯಿ ಬೆಕ್ಕಿನ ಊಟ, ಗಾಜಿನ ಪೆಟಿಗ್ಯಾಗಿನ ಮೀನು, ಗಿಳಿ ಪಂಜರ ಮಾರೋ ಅಂಗಡಿ ಅವನದು. ಮಾತಾಡಾಕ ಬಿಟ್ರ ಊಟ ಮರೀತಾನ. ನಿಂಗರಾಜ ಸ್ಪೀಕರ್ ಹಚ್ಚಿ ಪಡಸಾಲ್ಯಾಗ ಫೋನು ಇಟ್ಟ. ಹತ್ತಿ ತುರುಕಿದ ಕಿವಿಗೂ ಬರಾಬರಿ ಕೇಳಸತಿತ್ತು.

"ಅರೇ ಭಾಯ್, ಚೀಲದ ಮುಂದಿನ ನಾಯಿ ಫೋಟೋ ನೋಡಿ ತಗೋಬ್ಯಾಡ. ಹಿಂದ ತಿರುವಿ ಓದು. ಮೊದಲನೇ ಹೆಸರು ಮಾಂಸದ್ದು ಇರಬೇಕು, ಕೋಳಿ ಇಲ್ಲಾ ಮೀನು. ಮೆಕ್ಕಿಜೋಳ, ಗೋದಿ ಹೊಟ್ಟು ಮೊದಲಿದ್ರ ಅಲ್ಲೇ ಇಟ್ಟು ಬಾ. ಬಣ್ಣ ಬಣ್ಣದ ಕಾಳಿಗೆ ಮರುಳಾಗಬ್ಯಾಡ, ನಾಯಿಗೆ ಬಣ್ಣದ ಫಿಕರ್ ಇಲ್ಲ, ಬಣ್ಣ ನಮ್ಮ ಕಣ್ಣಿಗೆ. ಜೂಲಿಗೆ ಈಗ ಮರಿಗೋಳ ಕಾಳ ಹಾಕು. ಅದರಾಗ ತಾಕತ್ತು ಜಾಸ್ತಿ, ಹಾಲು ಕುಡಸೋ ತಾಯಿಗೂ ಅದ ಬೇಕು. ಐತವಾರ ನಾನ ತಗೊಂಡು ಬರ್ತೀನಿ. ಅಲ್ಲೀತನಕ ಅನ್ನ, ಕೋಳಿ ಕುದಿಸಿದ ನೀರು, ದಿನಾ ತತ್ತಿ ಹಾಕು."

ಹಿಂದ ತಿರುವಿ ಓದಬೇಕಂತ! ಪಂಪಾವತಿ ತನ್ನ ತಾಟು ನೋಡಿದ್ಲು. ಅರ್ಧ ರೊಟ್ಟಿ ಉಳದಿತ್ತು, ಒಣಗಿದ ಗಂಟಲಾಗ ಇಳಿಯವಲ್ದಾಗಿತ್ತು. ಈ ತಾಟಿನ್ಯಾಗ ಏನೈತಿ ಏನಿಲ್ಲ ಅಂತ ಈ ಮನಿಯಾಗ ಒಬ್ಬರರ ನೋಡ್ಯಾರೇನು? ನಾಯಿ ಊಟಕ್ಕ ಊರೂರು ತಿರುಗಿದ ತಮ್ಮ, ಕೂಸು ಹುಟ್ಟಿದ ಮ್ಯಾಲೆ ಒಳಕೋಣಿ ಬಾಗಲಾಗ ನಿಂತು "ಹೆಂಗದಿ ಅಕ್ಕಾ" ಅಂತ ಕೇಳಿ ಹೋಗಿದ್ದು ಬಿಟ್ರ ಒಳಗ ಕಾಲಿಟ್ಟಿರಲಿಲ್ಲ. ಬಾಣಂತಿ ಕೋಣಿ ಗಂಡಸರದಲ್ಲ ಅಂತ ಅವಗ ಅವ್ವನ ಕಲಿಸಿದ್ದು. ಆದ್ರ ನಾಯಿ ಬಾಣಂತನ ಗಂಡಸರದು ಹೆಂಗಾತು? ಪಂಪಾವತಿ ಹಲ್ಲು ಕಡದ್ಲು.

ಅವತ್ತಿನಿಂದ ಪೀರಮ್ಮ ದಿನಾ ಮುಂಜಾನೆ ಜೂಲಿಗೆ ತತ್ತಿ ಕುದಸಾಕ ಹತ್ತಿದ್ಲು. ಮಗ ಹೇಳ್ಯಾನಂದ ಮ್ಯಾಲೆ ಮುಗೀತು. ಸಿಪ್ಪಿ ಸುಲಿದು, ಬಾಯಿ ಸುಟ್ಟೀತು ಅಂತ ಊದಿ ಊದಿ ಆರಿಸಿ, ಕೈಯಾಗ ಮುರುದು ಹಾಕಾಕಿ. "ತಿನ್ನವ್ವಾ ತಿನ್ನು, ಆರು ಮಕ್ಕಳ ತಾಯಿ ನೀ. ಹಾಲು ಬರಬೇಕಲ್ಲ?" ಅಂತ ತಲಿ ಸವರಾಕಿ. ಜೂಲಿಗೆ ಎರಡು ದಿನದಾಗ ಕಣ್ಣಾಗ ಬೆಳಕು ಬಂತು. ಮರಿಗೋಳು ಕುಡದು ಕುಡದು ಹೊಟ್ಟಿ ಮ್ಯಾಲೆ ಮಾಡಿ ಬೀಳಾಕ ಹತ್ತಿದ್ವು. ಪೀರಮ್ಮ ಅದನ್ನ ಕಣ್ಣಾರೆ ನೋಡಿದ್ಲು, ಊರಿಗೆಲ್ಲ ಹೇಳಿದ್ಲು. ಹೇಳಿ, ಒಳಗ ಬಂದು ಅದೇ ಸಣ್ಣ ತಂಬಿಗಿ ಇಟ್ಲು.

ಪಂಪಾವತಿ ಒಮ್ಮೆ ಸಿಟ್ಟು ನುಂಗಿ ಬೇಡಿಕೊಂಡ್ಲು. "ಯವ್ವಾ, ನಾಯಿಗೆ ಕುದಿಸಿದ್ರಾಗ ನನಗೊಂದು ತತ್ತಿ ಕೊಡಬೇ. ಕೂಸಿಗೆ ಹಾಲು ಸಾಲವಲ್ದು."

"ನಿನಗ ಹಾಲು ಇಲ್ಲ, ಅದಕ್ಕ ಯಾರೇನ್ ಮಾಡಬೇಕು? ನಮ್ಮ ಪೈಕಿ ಹೆಣ್ಮಕ್ಕಳ ಮೈನ ಅಂಥಾದ್ದು" ಅಂದ್ಲು ಪೀರಮ್ಮ. ಅಂದು ಹೊರಸಿನ ಬಾಜೂಕ ನಿಂತ ಅಳಿಯಗ ಫೋನು ಹಚ್ಚಿದ್ಲು. "ಅಳಿಯಂದ್ರೆ, ಐತವಾರ ಬರಾಗ ಕೂಸಿಗೆ ಡಬ್ಬಿ ಹಾಲಿನಪುಡಿ, ಒಂದು ಬಾಟ್ಲಿ ತರ್ರಿ. ಇಲ್ಲಾಂದ್ರ ಹುಡುಗಿ ಸೊರಗ್ತೈತಿ."

ಡಬ್ಬಿ ಅಂದಕೂಡ್ಲೆ ಪಂಪಾವತಿ ಹೊರಸಿನಿಂದ ಕೈ ಚಾಚಿದ್ಲು. ಒಮ್ಮೆ ಬಾಟ್ಲಿ ಬಾಯಿಗೆ ಬಂದ್ರ ಕೂಸು ಮೊಲಿ ಎಳೆಯೋದು ಬಿಡ್ತೈತಿ, ಎಳೆಯೋದು ಬಿಟ್ರ ಇದ್ದ ಹಾಲೂ ಬತ್ತತೈತಿ. ಎಷ್ಟ ಮನಿಯಾಗ ನೋಡ್ಯಾಳ ಆಕಿ ಇದನ್ನ! ಅವ್ವನ ಕೈಯಾಗಿನ ಫೋನು ಕಸಗೊಂಡು, "ಡಬ್ಬಿ ತರಬ್ಯಾಡ್ರಿ. ನನಗ ಹೊಟ್ಟಿ ತುಂಬ ಊಟ ಕೊಟ್ರ ಹಾಲು ಬರ್ತೈತಿ, ಇವರಿಗೆ ನೀವರ ಹೇಳ್ರಿ" ಅಂದ್ಲು.

"ಅತ್ತಿಯವರು ಹಿರೇರು, ಅವರಿಗೆ ಗೊತ್ತಿರ್ತೈತಿ. ನೀ ಟೆನ್ಷನ್ ತಗೋಬ್ಯಾಡ, ರೆಸ್ಟ್ ಮಾಡು" ಅಂದ ಭೀಮೇಶ.

ರೆಸ್ಟ್ ಅಂತ ರೆಸ್ಟ್! ಮೂವತ್ತು ಹುಡುಗರಿಗೆ ವಿಜ್ಞಾನ ಕಲಿಸೋ ಮಾಸ್ತರನ ಬಾಯಾಗ ಬಂದ ಮಾತು ಇದು. ಪಂಪಾವತಿ ಫೋನು ಹೊರಸಿನ ಮ್ಯಾಲೆ ಒಗದ್ಲು. ಗ್ವಾಡಿ ಕಡೆ ಮಾರಿ ಮಾಡಿ ಅಳಬೇಕಂದ್ಲು. ನೀರಿಲ್ಲದ ಮೈಯಾಗ ಕಣ್ಣೀರು ಸೈತ ಬರಲಿಲ್ಲ.

ಐತವಾರ ಬಂತು. ಹೊತ್ತೇರೋದರಾಗ ಹಫೀಜ್ ಗಾಡಿ ಮ್ಯಾಲೆ ಚೀಲ ಹೇರಿಕೊಂಡು ಸಿಂಧನೂರಿನಿಂದ ಬಂದ. ಪಡಸಾಲ್ಯಾಗ ಬುದ್ಧ, ಬಾಬಾಸಾಹೇಬರ ಫೋಟೋದ ಕೆಳಗ ಕುಂತು, ಪೀರಮ್ಮ ಕೊಟ್ಟ ಚಹಾ ಸುರ್ ಅಂತ ಕುಡದು, ಚೀಲ ತೊಡಿ ಮ್ಯಾಲೆ ಇಟ್ಕೊಂಡು ಶುರು ಹಚ್ಚಿದ.

"ಹಾಲು ಕುಡಸೋ ತಾಯಿ ಅಂದ್ರ ಹುಡುಗಾಟಕಿ ಅಲ್ರೀ ಅಮ್ಮಾ. ಬರೇ ದಿನದ ಎರಡು ಪಟ್ಟು, ಮೂರು ಪಟ್ಟು ತಿನ್ನಬೇಕು ಅದು. ಒಮ್ಮಿಗೇ ಹಾಕಿ ಕೈ ತೊಳಕೊಂಡ್ರ ಆಗಂಗಿಲ್ಲ, ನಾಕೈದು ಸಲ ಹಾಕ್ರಿ. ಹಳೇ ಊಟದಾಗ ಈ ಕಾಳು ಸ್ವಲ್ಪ ಸ್ವಲ್ಪ ಬೆರಸ್ಕೊಂತ ಹೋಗ್ರಿ, ದಿಢೀರಂತ ಬದಲಿ ಮಾಡಿದ್ರ ಹೊಟ್ಟಿ ಕೆಡ್ತೈತಿ. ಉಳ್ಳಾಗಡ್ಡಿ ಬಿಲ್ಕುಲ್ ಬ್ಯಾಡ. ಖಾರ, ಮೆಣಸು ಬ್ಯಾಡ. ನೀರು ಮಾತ್ರ ಬೋಗಾಣಿ ಖಾಲಿ ಇರಬಾರ್ದು. ಹಾಲಂದ್ರ ಏನ್ರೀ ಮತ್ತ? ಮುಕ್ಕಾಲು ನೀರ! ತಾಯಿಗೆ ನೀರು ಕೊಡದ ಹಾಲು ಬಾ ಅಂದ್ರ ಬರ್ತೈತೇನು? ಬುದ್ಧಿ ಇಲ್ಲದ ಮಂದಿ ಮಾಡೋ ಕೆಲಸ ಅದು."

"ಖರೇ ನೋಡಪಾ" ಅಂದ್ಲು ಪೀರಮ್ಮ. ಮನಸಾರೆ ಅಂದ್ಲು. ಕೈಯಾಗ ತಾಟು ಇತ್ತು, ತಾಟಿನ್ಯಾಗ ಜೂಲಿಗೆ ಕುದಿಸಿದ ಎರಡು ತತ್ತಿ. ಸಿಪ್ಪಿ ಸುಲಕೊಂತ, "ತಾಯಿ ತಿಂದ್ರಲ್ಲೇನು ಮಕ್ಕಳಿಗೆ ಹಾಲು?" ಅಂದು ಉಫ್ ಉಫ್ ಅಂತ ಊದಿದ್ಲು.

ಬಿಸಿ ತತ್ತಿ ವಾಸನಿ ಒಳಗ ಬಂತು. ಕೂಸು ಚೀರಿ ಚೀರಿ ಆಗಷ್ಟ ಕಣ್ಣು ಮುಚ್ಚಿತ್ತು, ನಿದ್ದಿಗಣ್ಣಾಗೂ ಬ್ಯಾಸತ್ತಂಗ ಬಿಕ್ಕಳಿಸತಿತ್ತು. ಪಂಪಾವತಿ ಕೂಸಿನ ಮಾರಿ ನೋಡಿದ್ಲು. ಅಷ್ಟ. ಎದ್ದ ನಿಂತ್ಲು. ತಲಿಗೆ ಕಟ್ಟಿದ ಅರಿವಿ ಕಿತ್ತು ಒಗದ್ಲು. ಕಿವ್ಯಾಗಿನ ಹತ್ತಿ ಕಿತ್ತು ಅಗ್ಗಿಷ್ಟಿಗ್ಯಾಗ ಹಾಕಿದ್ಲು, ಭಗ್ ಅಂತು. ಬಾಣಂತಿ ದಾಟಬಾರದ ಹೊಸ್ತಿಲ ದಾಟಿ, ಪರಗಂಡಸು ಕುಂತ ಪಡಸಾಲಿಗೆ ಬಂದು ನಿಂತ್ಲು.

"ಅಯ್ಯ! ಗಾಳಿ ಹತ್ತತೈತಿ, ಒಳಗ ನಡಿ!" ಅಂತ ಪೀರಮ್ಮ ಕೂಗಿದ್ಲು. ಹಫೀಜ್ ಗಡಬಡಿಸಿ ಎದ್ದು ನೆಲಾ ನೋಡ್ಕೊಂತ ನಿಂತ.

"ಹಫೀಜ್ ಭಾಯ್, ಕುಂದರ್ರಿ. ಈಗ ಹೇಳಿದ್ದು ಇನ್ನೊಮ್ಮೆ ಹೇಳ್ರಿ. ಹಾಲು ಕುಡಸೋ ತಾಯಿಗೆ ನೀರು ಎಷ್ಟು ಕೊಡಬೇಕು?"

"ಅದು... ಅಕ್ಕಾರೇ... ಕುಡದಷ್ಟು..."

"ಗಟ್ಟಿಯಾಗಿ ಹೇಳ್ರಿ! ನಮ್ಮವ್ವಗ ಕೇಳ್ಲಿ. ತಾಯಿಗೆ ನೀರು ಕೊಡದ ಹಾಲು ಬಾ ಅನ್ನೋರಿಗೆ ಏನಂದ್ರಿ? ಬುದ್ಧಿ ಇಲ್ಲದ ಮಂದಿ ಅಂದ್ರಿ ಅಲ್ಲ?"

ಹಫೀಜ್‌ಗೆ ಬೆವರು ಇಳೀತು. "ನಾ ನಾಯಿದು ಹೇಳಿದ್ನಿರೀ ಅಕ್ಕಾರೇ! ನಾಯಿದು! ನನ್ನ ಅಂಗಡಿ ನಾಯಿದಷ್ಟ!" ಅಂತ ಚೀಲ ಅಲ್ಲೇ ಬಿಟ್ಟು, ಚಪ್ಪಲಿ ಉಲ್ಟಾ ಮೆಟ್ಟಿಕೊಂಡು ಗಾಡಿ ಕಡೆ ಓಡಿದ.

"ಅಕ್ಕಾ, ಮಂದಿ ಮುಂದ ಹಿಂಗ ಮಾಡ್ತಾರೇನು? ಏನಾತು ಈಗ?" ಅಂದ ನಿಂಗರಾಜ.

ಇದೊಂದು ಮಾತು ಅವ ಆಡಬಾರದಿತ್ತು. ಪಂಪಾವತಿ ಅವನ ಮಾರಿಗೆ ಮಾರಿ ಕೊಟ್ಟು ನಿಂತ್ಲು.

"ಏನಾತಾ? ಲೇ ನಿಂಗ್ಯಾ, ಮಸ್ಕಿ ಆತು, ಲಿಂಗಸುಗೂರು ಆತು, ಸಿಂಧನೂರು ಆತು. ನಾಯಿ ಊಟ ಮೂಸಿ ನೋಡಿದಿ, ತಾರೀಖು ನೋಡಿದಿ, ಚೀಲ ತಿರುವಿ ಓದಿದಿ. ಭೇಷ್. ಆದ್ರ ನಿನ್ನ ಶೆಡ್ಡಿಗೂ ನನ್ನ ಕೋಣಿಗೂ ನಡುವ ಒಂದ ಗ್ವಾಡಿ ಐತಿ. ಒಂದ ದಿನರ ಬಂದು, ಅಕ್ಕಾ ನೀ ಏನು ಉಂಡಿ ಅಂತ ಕೇಳಿದ್ಯಾ? ನಿನ್ನ ಸ್ವಾದರ ಸೊಸಿ ಚೀರೋದು ಕೇಳಿಸ್ತಿದ್ದಿಲ್ಲೇನು? ಮರಿ ಕುಂಯ್ ಅಂದದ್ದು ಕೇಳ್ಸಿತು, ಕೂಸು ಹರಕೊಂಡು ಅತ್ತದ್ದು ಕೇಳ್ಸಲಿಲ್ಲ?"

ನಿಂಗರಾಜ ಖರೇನ ಯೋಚನಿ ಮಾಡಿರಲಿಲ್ಲ. ಅವ್ವ ನೋಡ್ಕೊಂತಾಳ ಅಂತ ಬಿಟ್ಟಿದ್ದ, ಅಷ್ಟ. ಆ ಅಷ್ಟಕ್ಕ ಪಂಪಾವತಿಗೆ ಇನ್ನೂ ಸಿಟ್ಟು.

ಆಕಿ ಅವ್ವನ ಕಡೆ ತಿರುಗಿ ತತ್ತಿ ತಾಟಿಗೆ ಕೈ ಹಾಕಿದ್ಲು. ಪೀರಮ್ಮ ತಾಟು ಎದಿಗೆ ಅವಚಿಕೊಂಡ್ಲು. ಮಗಳು ಜಗ್ಗಿದ್ಲು, ತಾಯಿ ಜಗ್ಗಿದ್ಲು. ಒಂದು ತತ್ತಿ ಉರುಳಿ ಕೆಳಗ ಬಿತ್ತು, ಹಿತ್ತಲದಿಂದ ಜೂಲಿ ಬಂದು ಅದನ್ನ ಎತ್ತಿಕೊಂಡು ಹೋತು. ಯಾರೂ ಅದರ ಕಡೆ ನೋಡ್ಲಿಲ್ಲ.

"ಬಿಡಬೇ!"

"ಬಿಡಂಗಿಲ್ಲ! ಸಾಯಾಕ ಬಂದೀಯೇನು ನನ್ನ ಮನಿಗೆ?"

"ನಾಯಿ ತಿಂದು ಬದುಕಿತಲ್ಲಬೇ! ನಿನ್ನ ಪಥ್ಯದಾಗ ಸಾಯಾಕತ್ತಿತ್ತು, ನೀರು ಕುಡದು, ತತ್ತಿ ತಿಂದು ಬದುಕಿತು. ನಿನ್ನ ಕೈಲೇ ಹಾಕಿದಿ, ನಿನ್ನ ಕಣ್ಣಲೇ ನೋಡಿದಿ. ಅದಕ್ಕ ಆಗೋದು ನನಗ ಯಾಕ ಆಗಂಗಿಲ್ಲ?"

"ಅದು ನಾಯಿ!" ಪೀರಮ್ಮ ಒದರಿದ್ಲು. "ಅದಕ್ಕ ಏನರ ಆದ್ರ ಒಂದ ದಿನ ಅತ್ತು, ಮಣ್ಣ ಕೊಟ್ಟು ಬರ್ತೀನಿ. ಅದಕ್ಕ ಕೊಟ್ಟು ನೋಡಬಹುದು. ನಿನಗ ಕೊಟ್ಟು ನೋಡಲೇನು? ಒಬ್ಬಾಕಿಗೆ ಕೊಟ್ಟು ನೋಡೀನಿ ನಾ. ನೀ ನನ್ನ ಮಗಳು!"

ಆ ಮಾತಿನ್ಯಾಗಿನ ಜೀವ ಪಂಪಾವತಿಗೆ ತಿಳೀಲಿಲ್ಲಂತಲ್ಲ, ತಿಳೀತು. ತಿಳದ್ದಕ್ಕ ಸಿಟ್ಟು ಇಳೀಲಿಲ್ಲ. ಇಂಥಾ ಜೀವದಾಗ ತನ್ನ ಕೂಸು ಒಣಗಾಕತ್ತಿತ್ತು.

"ಹಂಗಾದ್ರ ನನ್ನ ನಾಯಿ ಅಂತ ತಿಳ್ಕೊ" ಅಂದ್ಲು. "ಬಾಣಂತನ ಮುಗಿಯೋತನಕ ನಾ ನಿನ್ನ ಮಗಳಲ್ಲ. ಹಿತ್ತಲದಾಗ ಹಡದು ಬಿದ್ದ ಇನ್ನೊಂದು ನಾಯಿ. ಜೂಲಿಗೆ ಏನು ಹಾಕ್ತಿ, ನನಗೂ ಅದನ್ನ ಹಾಕು. ನಾ ಸತ್ರ ಒಂದ ದಿನ ಅತ್ತು ಮಣ್ಣ ಕೊಟ್ಟು ಬಾ."

ಪೀರಮ್ಮನ ಕೈ ಸಡಲಿತು. ಪಂಪಾವತಿ ತಾಟು ಇಸಕೊಂಡು, ನಿಂತಲ್ಲೇ, ಉಪ್ಪಿಲ್ಲ ಖಾರಿಲ್ಲ, ತತ್ತಿ ಬಾಯಿಗೆ ತುರುಕಿಕೊಂಡ್ಲು. ಅಡಗಿಮನಿಗೆ ಹೋಗಿ ಕ್ಯಾನಿನ ನೀರಿಗೆ ಚಂಬು ಹಿಡದ್ಲು.

"ಆಣಿ ಹಾಕೀನಿ! ನನ್ನ ಸತ್ತ ಮಾರಿ..." ಅಂದ್ಲು ಪೀರಮ್ಮ ಹಿಂದಿನಿಂದ.

"ಆಣಿ ನಾಯಿಗೆ ಹತ್ತಂಗಿಲ್ಲ" ಅಂದು ಪಂಪಾವತಿ ಚಂಬು ಎತ್ತಿ ಗಟಗಟ ಕುಡದ್ಲು. ಗಲ್ಲದಿಂದ ಇಳದು ಸೆರಗೆಲ್ಲ ತೊಯ್ತು. ಇನ್ನೊಂದು ಚಂಬು ತುಂಬಿ ಅದನ್ನೂ ಕುಡದ್ಲು. ಪೀರಮ್ಮ ಒಲಿ ಮುಂದ ಕುಸದು ಕುಂತು ಎದಿ ಎದಿ ಬಡಕೊಂಡ್ಲು.

ನಿಂಗರಾಜ ಹೊರಗ ಹೋಗಿ ಭೀಮೇಶಗ ಫೋನು ಮಾಡಿದ. ಅವನ ದನಿಯಾಗ ಜೀವ ಇರಲಿಲ್ಲ. "ಭಾವ, ಹೊರಟೀರೇನು? ಡಬ್ಬಿ ಬ್ಯಾಡ್ರಿ. ಬಾಟ್ಲಿನೂ ಬ್ಯಾಡ. ತತ್ತಿ ತರ್ರಿ, ಕಾಯಿಪಲ್ಯ ತರ್ರಿ, ಹಣ್ಣು ತರ್ರಿ. ಮತ್ತ, ತತ್ತಿ ನೋಡಿ ತರ್ರಿ, ತಾಜಾ ಇರಬೇಕು" ಅಂದ. ಆಮ್ಯಾಲೆ ಒಳಕೋಣಿ ಬಾಗಲಿಗೆ ಬಂದು, ಹೊಸ್ತಿಲಾಗ ನಿಲ್ಲದ ಒಳಗ ಕಾಲಿಟ್ಟು, ಕಿಡಕಿ ತಗದು, ಅಗ್ಗಿಷ್ಟಿಗಿ ಎತ್ತಿಕೊಂಡು ಹೊರಗ ಹೋದ. ಅಕ್ಕನ ಮಾರಿ ನೋಡೋ ಧೈರ್ಯ ಮಾತ್ರ ಅವಗ ಬರಲಿಲ್ಲ.

ಕೂಸು ಎದ್ದು ಅಳಾಕ ಹತ್ತಿತು. ಪಂಪಾವತಿ ಮೊಲಿಗೆ ಹಚ್ಚಿಕೊಂಡ್ಲು. ಒಂದು ತತ್ತಿ, ಎರಡು ಚಂಬು ನೀರಿಗೆ ಹಾಲು ಉಕ್ಕಿ ಬರಂಗಿಲ್ಲ, ಅದಕ್ಕ ದಿನ ಹಿಡೀತೈತಿ, ಆಕಿಗೆ ಗೊತ್ತಿತ್ತು. ಎಳೀಲಿ, ಎಳಕೊಂತ ಇರ್ಲಿ, ಬರ್ತೈತಿ ಅಂದುಕೊಂಡ್ಲು.

ಪೀರಮ್ಮ ಬಂದು ಹೊರಸಿನ ಅಂಚಿಗೆ ಕುಂತ್ಲು. ಮಗಳ ಹಣಿ ಮ್ಯಾಲೆ ಕೈ ಇಟ್ಲು. ಸ್ವಲ್ಪ ಹೊತ್ತಿಗೆ ತಗದು ಕುತಿಗಿಗೆ ಇಟ್ಲು, ಮತ್ತ ಹಣಿಗೆ ಇಟ್ಲು. ಜ್ವರ ಬಂತೇನು, ಮಾತು ತೊದಲ್ತೇನು, ಕಣ್ಣು ಮ್ಯಾಲೆ ಹೋತೇನು ಅಂತ ಮಧ್ಯಾಹ್ನ ಎಲ್ಲಾ ಹಂಗ ಕುಂತ್ಲು. ಕೈ ಸರಸಬೇ ಅಂತ ಪಂಪಾವತಿ ಸಿಡುಕಿದ್ರೂ ಸರಸಲಿಲ್ಲ. ಕೂಸು ಒಂದು ಮೊಲಿ ಬಿಟ್ಟು ಇನ್ನೊಂದಕ್ಕ ಹೋತು.

"ನೀರು ಬೇಕು" ಅಂದ್ಲು ಪಂಪಾವತಿ. ಎದ್ದು ಹೋಗೋವಂಗ ಇರಲಿಲ್ಲ, ಕೂಸು ಕುಡ್ಯಾಕತ್ತಿತ್ತು.

ಪೀರಮ್ಮ ಮಗಳನ್ನ ನುಂಗೋವಂಗ ನೋಡಿದ್ಲು. ಆಮ್ಯಾಲೆ ಎದ್ದು ಹೋದ್ಲು. ಬಂದಾಗ ಕೈಯಾಗ ಒಂದು ಚಂಬು ನೀರು ಇತ್ತು, ಅಂಚಿನತನಕ ತುಂಬಿದ್ದು. ದಾರಿ ತುಂಬ ಚೆಲ್ಲಿಕೊಂಡು ಬಂದಿದ್ಲು. ಮಗಳ ತುಟಿಗೆ ತಾನ ಚಂಬು ಹಿಡದು, ಹಲ್ಲು ಕಚ್ಚಿ ಅಂದ್ಲು:

"ಸತ್ತಿಗಿತ್ತಿ ಅಂದ್ರ ನೋಡು, ನಿನ್ನ ಸುಮ್ನ ಬಿಡಂಗಿಲ್ಲ."